ಯಂತ್ರದ ಮೇಲಿನ ಹೆಸರು

ಭೀಮಾ ನದಿಯ ದಂಡೆಯ ಹೊಲಗಳಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಹೆಸರು ಅಕ್ಷರ ಕಲಿಯುವುದಕ್ಕಿಂತ ಮೊದಲೇ ಪರಿಚಯವಾಗಿರುತ್ತದೆ. ಬಾವಿಯ ಕಟ್ಟೆಯ ಮೇಲೆ, ಹಳ್ಳದ ಬದಿಯ ತಗಡಿನ ಶೆಡ್ಡಿನಲ್ಲಿ, ಕಬ್ಬಿನ ಹೊಲದ ಬದುವಿನಲ್ಲಿ ಕುಳಿತ ಎಂಜಿನ್ನಿನ ಮೈಮೇಲೆ ಆ ಹೆಸರು ಇರುತ್ತದೆ. ನಮ್ಮೂರು ಅಫಜಲಪುರ ತಾಲೂಕಿನದು. ಅಲ್ಲಿಯ ಹಿರಿಯರು ಡೀಸೆಲ್ ಎಂಜಿನ್ ಎಂದು ಹೇಳುವುದು ಕಡಿಮೆ; ಕಿರ್ಲೋಸ್ಕರ ಎಂದುಬಿಡುತ್ತಾರೆ. ಕಿರ್ಲೋಸ್ಕರ ಕೆಟ್ಟಿದೆ, ಕಿರ್ಲೋಸ್ಕರ ಚಾಲೂ ಆಯಿತು, ಕಿರ್ಲೋಸ್ಕರಕ್ಕೆ ಎಣ್ಣೆ ಹಾಕಿ ಬಾ ಎಂದು ಎತ್ತು ಎಮ್ಮೆಗಳ ಮಾತಾಡಿದಂತೆಯೇ ಅದರ ಮಾತಾಡುತ್ತಾರೆ.

ನಾನೂ ಬಹಳ ಕಾಲ ಅದನ್ನು ಯಂತ್ರದ ಹೆಸರೆಂದೇ ತಿಳಿದಿದ್ದೆನು. ಅದು ಒಂದು ಮನೆತನದ ಹೆಸರು. ಅದನ್ನು ಯಂತ್ರದ ಮೇಲೇರಿಸಿದವರು ನಮ್ಮ ನಾಡಿನ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಸೈಕಲ್ಲಿನ ಅಂಗಡಿಯಿಂದ ಬದುಕು ಕಟ್ಟಿಕೊಂಡವರು ಎಂಬುದು ನನಗೆ ತಿಳಿದುದು ಬಿ.ಎ. ಎರಡನೆಯ ವರ್ಷದಲ್ಲಿ, ಗ್ರಂಥಾಲಯದ ಜೀವನಚರಿತ್ರೆಗಳ ಕಪಾಟಿನ ಮುಂದೆ ನಿಂತಾಗ. ಆ ದಿನದಿಂದ ನನ್ನ ಮನಸ್ಸಿನಲ್ಲಿದ್ದ ಒಂದು ಸಣ್ಣ ಗಂಟು ಬಿಚ್ಚತೊಡಗಿತು. ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನವನ್ನು ಸಹಪಾಠಿಗಳ ಮುಂದಿಡುವ ಮೊದಲು ಆ ಗಂಟಿನ ಸಂಗತಿಯನ್ನು ಹೇಳಿಬಿಡುವುದು ಪ್ರಾಮಾಣಿಕತೆಯೆಂದು ಭಾವಿಸುತ್ತೇನೆ.

ನನ್ನ ತಂದೆಯವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಎಂಜಿನ್ನು ಮತ್ತು ಪಂಪಿನ ಮೋಟಾರುಗಳನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಿಸಿ ಮತ್ತೆ ಜೋಡಿಸಿಕೊಡುವುದು ಅವರ ಕಸುಬು. ಅಫಜಲಪುರದ ರಸ್ತೆಯ ಬದಿಗೆ ಅವರದೊಂದು ತಗಡಿನ ಅಂಗಡಿಯಿದೆ. ಆಳಂದದ ಕಡೆಯಿಂದಲೂ ಹೊಳೆಯಾಚೆ ಜೇವರ್ಗಿಯ ಕಡೆಯಿಂದಲೂ ರೈತರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಅವರ ಕೈಬೆರಳಿನ ಗೆರೆಗಳಲ್ಲಿ ಕರಿ ಎಣ್ಣೆ ಎಷ್ಟು ಊರಿದೆಯೆಂದರೆ, ಹಬ್ಬದ ದಿನ ಸೀಗೆಕಾಯಿ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಮಗನ ಕೈ ಹೀಗಾಗಬಾರದೆಂಬುದು ಅವರ ಒಂದೇ ಹಟ. ಹಾಗೆಂದೇ ನಾನು ಕಾಲೇಜಿಗೆ ಬಂದೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಅಂಕಣ ಬಂದಾಗ ನಾನು ಕ್ಷಣ ಹೊತ್ತು ಯೋಚಿಸಿ ಒಕ್ಕಲುತನ ಎಂದು ಬರೆದೆನು. ನಮಗೆ ಎರಡೆಕರೆ ಹೊಲವಿರುವುದು ನಿಜ. ಅದರಲ್ಲಿ ತೊಗರಿ ಬೆಳೆಯುವುದೂ ನಿಜ. ಆದರೆ ನಮ್ಮ ಒಲೆ ಉರಿಯುವುದು ಆ ಹೊಲದಿಂದಲ್ಲವೆಂಬುದು ನನಗೆ ಗೊತ್ತಿತ್ತು. ಬರೆದುದು ಪೂರ್ಣ ಸುಳ್ಳಲ್ಲ, ಪೂರ್ಣ ನಿಜವೂ ಅಲ್ಲ. ಗಂಟು ಎಂದೆನಲ್ಲ, ಅದು ಇದೇ.

ಆ ಕಸುಬು ಎಂಥದೆಂಬುದನ್ನು ನಾನು ಹತ್ತಿರದಿಂದ ಕಂಡುದು 2020ರಲ್ಲಿ. ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದ್ದುವು. ನಾನು ಅಂಗಡಿಯಲ್ಲಿ ತಂದೆಯವರ ಕೈಕೆಳಗೆ ಪಾನೆ ಹಿಡಿದು ನಿಂತಿದ್ದೆನು. ಅಕ್ಟೋಬರ್ ತಿಂಗಳಲ್ಲಿ ಮಳೆಯ ನೀರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರೂ ಕೂಡಿ, ಭೀಮಾ ಸೊನ್ನದ ಬ್ಯಾರೇಜು ದಾಟಿ ದಂಡೆ ಮೀರಿ ಹರಿಯಿತು. ಆಳಂದದ ನಾಡಿನಿಂದ ಇಳಿದು ಬರುವ ಅಮರ್ಜಾ ನದಿಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಹೊಳೆ ಜೇವರ್ಗಿಯ ಸೀಮೆಗೆ ಹೋಗುತ್ತದೆ. ಆ ವಾರ ಎಲ್ಲಿ ಹೊಳೆ, ಎಲ್ಲಿ ಹೊಲ ಎಂಬ ಗುರುತೇ ಉಳಿಯಲಿಲ್ಲ. ದಂಡೆಯ ಊರುಗಳ ಜನರನ್ನು ಕರೆತರಲು ರಬ್ಬರಿನ ದೋಣಿಗಳು ಬಂದುವು. ದೋಣಿಯ ಹಿಂಬದಿಗೆ ಕಚ್ಚಿಸಿದ ಮೋಟಾರನ್ನು ನಾನು ನೋಡಿದುದು ಅದೇ ಮೊದಲು. ಹಗ್ಗ ಎಳೆದರೆ ಗುರ್ರೆಂದು ಎದ್ದು, ನೀರಿನೊಳಗಿನ ಪಂಖ ತಿರುಗಿ, ದೋಣಿ ಆ ಸೆಳವಿಗೆ ಎದುರಾಗಿ ಹೋಗುತ್ತಿತ್ತು. ಎಲ್ಲರೂ ದೋಣಿಯಲ್ಲಿದ್ದ ಜನರನ್ನು ನೋಡುತ್ತಿದ್ದರೆ ತಂದೆಯವರು ಆ ಮೋಟಾರನ್ನು ನೋಡುತ್ತಿದ್ದರು. ದೋಣಿಯವರನ್ನು ಕೇಳಿ ತಿಳಿದುಕೊಂಡು ಬಂದು ನನಗೆ ವಿವರಿಸಿದರು: ಅದು ಪೆಟ್ರೋಲಿನದು, ಕಿಡಿಯಿಂದ ಹೊತ್ತುತ್ತದೆ, ನಮ್ಮ ಡೀಸೆಲ್ಲಿನದು ಗಾಳಿಯನ್ನು ಒತ್ತಿದ ಕಾವಿನಿಂದಲೇ ಹೊತ್ತುತ್ತದೆ. ಅದು ಹೊಳೆಯ ನೀರನ್ನೇ ಹೀರಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಆದುದರಿಂದ ರಾಡಿ ನೀರಿನಲ್ಲಿ ಓಡಿಸಿದ ಮೇಲೆ ತಿಳಿನೀರು ಹಾಯಿಸಿ ಒಳಗಿನ ದಾರಿಗಳನ್ನು ತೊಳೆಯದಿದ್ದರೆ, ಮಣ್ಣು ಕಟ್ಟಿ ಮೋಟಾರು ಸುಡುತ್ತದೆ. ಇಷ್ಟು ಹೇಳಿ, ಉಳಿದುದೆಲ್ಲ ನಮ್ಮದರ ಹಾಗೆಯೇ ಎಂದು ಸುಮ್ಮನಾದರು.

ನೀರು ಇಳಿದ ಮೇಲೆ ನಮ್ಮ ಅಂಗಡಿಯ ಮುಂದೆ ಎಂಜಿನ್ನುಗಳು ಸಾಲುಗಟ್ಟಿದುವು. ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದ ಅವುಗಳ ಮೈಯೆಲ್ಲ ಕರಿ ಕೆಸರು. ಮುಳುಗಿದ ಎಂಜಿನ್ನನ್ನು ಕಂಡೊಡನೆ ಹ್ಯಾಂಡಲು ಹಾಕಿ ತಿರುಗಿಸಬಾರದು. ಇದು ನಾನು ಕಲಿತ ಮೊದಲ ಪಾಠ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ನಿಂತಿರುವಾಗ ಭಾರವಾದ ಫ್ಲೈವೀಲು ಪಿಸ್ಟನ್ನನ್ನು ಮೇಲಕ್ಕೆ ನೂಕಿದರೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಮೊದಲು ಕೆಳಗಿನ ತಿರುಪು ಬಿಚ್ಚಿ ಎಣ್ಣೆ ಇಳಿಸಬೇಕು. ನೀರು ಕೂಡಿದ ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಹೆಡ್ಡು ಬಿಚ್ಚಬೇಕು, ಪಿಸ್ಟನ್ ಹೊರತೆಗೆಯಬೇಕು, ಮಣ್ಣಿನಿಂದ ಕಚ್ಚಿಕೊಂಡ ರಿಂಗುಗಳನ್ನು ಮುರಿಯದಂತೆ ಬಿಡಿಸಬೇಕು, ಪ್ರತಿಯೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಡಬೇಕು. ಲೈನರಿನ ಒಳಮೈಯಲ್ಲಿ ಬೆರಳಾಡಿಸಿದರೆ ಗೀರು ತಿಳಿಯುತ್ತದೆ. ವಾಲ್ವುಗಳನ್ನು ಪೇಸ್ಟು ಹಚ್ಚಿ ಅವುಗಳ ಪೀಠದ ಮೇಲೆ ತಿರುಗಿಸಿ ತಿರುಗಿಸಿ ಕೂರಿಸಬೇಕು. ನೋಝಲ್ಲು ಎಣ್ಣೆಯನ್ನು ಮಂಜಿನಂತೆ ಚಿಮ್ಮಬೇಕು. ಹನಿಹನಿಯಾಗಿ ತೊಟ್ಟಿಕ್ಕಿದರೆ ಎಂಜಿನ್ನು ಕರಿ ಹೊಗೆಯುಗುಳುತ್ತದೆ. ಎಲ್ಲ ಜೋಡಿಸಿದ ಮೇಲೆ ಡೀಸೆಲ್ಲಿನ ನಳಿಗೆಯಲ್ಲಿ ಸಿಕ್ಕ ಗಾಳಿಯನ್ನು ಬಿಡಬೇಕು. ಆಮೇಲೆ ಹ್ಯಾಂಡಲು. ಹದಿನೈದು ದಿನ ಹೀಗೆ ಹಗಲಿರುಳು ಕೆಲಸ ನಡೆಯಿತು. ಹಿಂಗಾರಿನ ಜೋಳಕ್ಕೂ ಉಳಿದ ಕಬ್ಬಿಗೂ ನೀರು ಕೊಡಬೇಕಾದವರು ಅಂಗಡಿಯ ಮುಂದೆ ಕಾದು ಕುಳಿತಿರುತ್ತಿದ್ದರು. ಎಂಜಿನ್ನು ಮೊದಲ ಸಲ ಧಗ್ ಎಂದಾಗ ಅವರ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆತಿಲ್ಲ. ಆದರೂ ಮೂರು ವರುಷದ ಮೇಲೆ ಅರ್ಜಿಯಲ್ಲಿ ನಾನು ಬರೆದುದು ಒಕ್ಕಲುತನವೆಂದೇ.

ಇನ್ನು ಆ ಹೆಸರಿನ ಮನುಷ್ಯನ ಕಥೆಗೆ ಬರುತ್ತೇನೆ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ, ಊರು ಕನ್ನಡದ್ದು. ಮರಾಠಿ ಸಂಗೀತ ನಾಟಕದ ಪ್ರವರ್ತಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಊರೂ ಅದೇ. ಬಾಲಕ ಲಕ್ಷ್ಮಣನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳಲ್ಲಿಯೂ ಒಲವು ಹೆಚ್ಚು. ಹಿರಿಯಣ್ಣ ರಾಮಣ್ಣನ ಆಸರೆಯಿಂದ 1885ರಲ್ಲಿ ಮುಂಬಯಿಗೆ ಹೋಗಿ ಅಲ್ಲಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಚಿತ್ರಕಾರನಾಗಬೇಕೆಂಬುದು ಅವರ ಕನಸು. ಆದರೆ ಎರಡು ವರುಷ ಕಳೆಯುವಷ್ಟರಲ್ಲಿ ಒಂದು ಕಠೋರ ಸತ್ಯ ಹೊರಬಿದ್ದಿತು: ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಬಣ್ಣ ಕಾಣದವನು ಚಿತ್ರಕಾರನಾಗುವುದೆಂತು? ಇಂಥ ಸಂದರ್ಭದಲ್ಲಿ ಊರಿಗೆ ಮರಳಿದವರೇ ಹೆಚ್ಚು. ಅವರು ಮರಳಲಿಲ್ಲ. ಬಣ್ಣ ಬೇಡದ, ಗೆರೆಯೊಂದನ್ನೇ ಬೇಡುವ ವಿದ್ಯೆಯೊಂದಿತ್ತು. ಅದು ಯಂತ್ರಗಳ ರೇಖಾಚಿತ್ರ. ಅದನ್ನು ಕಲಿತರು. ಅದರ ಬಲದಿಂದಲೇ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಬಿಡುವಿನ ಹೊತ್ತಿನಲ್ಲಿ ಅಲ್ಲಿಯ ಕಾರ್ಯಾಗಾರದಲ್ಲಿ ಯಂತ್ರಗಳ ಒಳಹೊರಗನ್ನು ಅರಿತುಕೊಂಡರು.

ಸರಕಾರದ ನೆರಳಿನ ನೌಕರಿ, ಪಟ್ಟಣದ ಬಾಳು. ನಮ್ಮಲ್ಲಿ ಎಷ್ಟೋ ಮಂದಿಯ ಗುರಿ ಇಷ್ಟೇ ತಾನೆ? ಆದರೆ ಮೇಲಿನ ಹುದ್ದೆಯೊಂದು ತೆರವಾದಾಗ ಅದಕ್ಕೆ ಅರ್ಹರಾಗಿದ್ದ ಲಕ್ಷ್ಮಣರಾಯರನ್ನು ಬಿಟ್ಟು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಅದನ್ನು ಕೊಟ್ಟರು. ಅದು ಪರಕೀಯರ ಆಳಿಕೆಯ ಕಾಲ, ಹೀಗಾಗುವುದು ಅಪೂರ್ವವಲ್ಲ. ಅವಮಾನವನ್ನು ನುಂಗಿ ಪಿಂಚಣಿಯವರೆಗೆ ದಿನ ನೂಕಬಹುದಾಗಿತ್ತು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಹೆಸರಿನಲ್ಲಿ 1888ರಿಂದಲೇ ಒಂದು ಸೈಕಲ್ ಅಂಗಡಿಯಿತ್ತು. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ಲು ಕೊಂಡು ಕಳಿಸುವುದು, ರಾಮಣ್ಣನವರು ಇಲ್ಲಿ ಮಾರುವುದು, ಹತ್ತಲು ಬಾರದವರಿಗೆ ಕಲಿಸುವುದು, ಕೆಟ್ಟುದನ್ನು ಸರಿಮಾಡಿಕೊಡುವುದು, ಹೀಗೆ ನಡೆದಿತ್ತು. ಇಂದು ದೊಡ್ಡದಾಗಿ ಹಬ್ಬಿರುವ ಉದ್ಯಮದ ಬೇರು ಇರುವುದು ಈ ಅಂಗಡಿಯಲ್ಲಿ. ಬೆಳಗಾವಿಯಲ್ಲಿ ಈಗಲೂ ಕಿರ್ಲೋಸ್ಕರ ರಸ್ತೆಯೆಂಬ ಬೀದಿಯಿದೆ. ಇಲ್ಲಿ ಒಂದು ಮಾತು ನನಗೆ ಮುಖ್ಯವಾಗಿ ತೋರುತ್ತದೆ. ದುರಸ್ತಿ ಮಾಡುವವನು ಯಂತ್ರವನ್ನು ಅದರ ಕೆಟ್ಟ ದಿನದಲ್ಲಿ ನೋಡುತ್ತಾನೆ. ಯಾವ ಕಡೆ ಮೊದಲು ಸವೆಯುತ್ತದೆ, ಯಾವ ತಿರುಪು ಸಡಿಲಾಗುತ್ತದೆ, ಕೊಂಡವನು ಎಲ್ಲಿ ತಪ್ಪುತ್ತಾನೆ ಎಂಬುದನ್ನು ಅವನಷ್ಟು ಬಲ್ಲವರು ಇಲ್ಲ. ಲಕ್ಷ್ಮಣರಾಯರು ಮುಂದೆ ಮಾಡಿದ ಯಂತ್ರಗಳೆಲ್ಲ ಹಳ್ಳಿಯಲ್ಲಿ, ಧೂಳಿನಲ್ಲಿ, ಓದುಬಾರದವರ ಕೈಯಲ್ಲಿ ಬಾಳಬೇಕಾದುವು. ಅಂಥವನ್ನು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಯಾವುದಿದ್ದೀತು?

ಮೊದಲು ಅವರು ಮಾಡಿದುದು ದನಗಳ ಮೇವು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚಿಹಾಕುತ್ತದೆ. ಸವೆದರೆ ಗುಳವನ್ನಷ್ಟೇ ಬದಲಿಸಬಹುದು. ಎರೆಭೂಮಿಯಲ್ಲಿ ಬೇಸಾಯ ಮಾಡಿದವರಿಗೆ ಈ ಲಾಭವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಅಂದಿನ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಬರುವುದಿಲ್ಲ ಎಂದು ಅವರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರುಷ ಬೇಕಾಯಿತು. ಎರಡು ವರುಷ ಮಾರದ ಸರಕನ್ನು ಅಂಗಡಿಯಲ್ಲಿಟ್ಟುಕೊಂಡು, ದಿನವೂ ಅದನ್ನೇ ನೋಡುತ್ತ, ಅದೇ ಸರಿಯೆಂದು ನಂಬಿ ಕೂರುವುದು ಸಾಮಾನ್ಯ ಧೈರ್ಯವಲ್ಲ. ರೈತರನ್ನು ದಡ್ಡರೆನ್ನುವುದು ಸುಲಭ. ಆದರೆ ಒಂದು ವರುಷದ ಬೆಳೆ ತಪ್ಪಿದರೆ ಮನೆಯೇ ಮುರಿಯುವವನು ಹೊಸದಕ್ಕೆ ಹೆದರುವುದು ಸಹಜ. ಹೊಲದಲ್ಲಿ ಉತ್ತು ತೋರಿಸಿದ ಹೊರತು ಅವನ ಭಯ ಹೋಗುವುದಿಲ್ಲ. ಆ ಭಯ ಹೋಗುವ ತನಕ ಅವರು ಕಾದರು.

ವ್ಯಾಪಾರ ಹತ್ತುತ್ತಿದ್ದಂತೆಯೇ ಇನ್ನೊಂದು ಪೆಟ್ಟು ಬಿದ್ದಿತು. ಊರ ವಿಸ್ತರಣೆಗೆ ಬೇಕೆಂದು, ಅವರ ಕಾರ್ಯಾಗಾರವಿದ್ದ ಜಾಗವನ್ನು ತೆರವು ಮಾಡಲು ಬೆಳಗಾವಿಯ ನಗರಸಭೆ ಹೇಳಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ನಿಲ್ಲಲು ನೆಲವಿಲ್ಲ. ಆಗ ನೆರವಾದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ತಮ್ಮ ಸಂಸ್ಥಾನದ ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ನೆಲವೆಂದರೆ ಎಂಥ ನೆಲ! ಕಲ್ಲು, ಪಾಪಾಸುಕಳ್ಳಿ, ಹಾವುಗಳ ಬೀಡು. 1910ರಲ್ಲಿ ಅಣ್ಣ ರಾಮಣ್ಣನವರನ್ನೂ ಶಂಭುರಾವ್ ಜಾಂಭೇಕರ, ಮಂಗೇಶರಾವ್ ರೇಗೆ, ಅನಂತರಾವ್ ಫಳಣೀಕರರಂಥ ಜೊತೆಗಾರರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ, ಕಳ್ಳಿ ಕಡಿದು ಕಾರ್ಖಾನೆಯನ್ನೂ ಮನೆಗಳನ್ನೂ ಕಟ್ಟಿದರು. ಆ ಊರೇ ಕಿರ್ಲೋಸ್ಕರವಾಡಿ. ನಮ್ಮ ದೇಶದಲ್ಲಿ ಕಾರ್ಖಾನೆಯ ಸುತ್ತ ಯೋಜನೆಯಿಂದ ಕಟ್ಟಿದ ಊರುಗಳಲ್ಲಿ ಅದು ಬಹಳ ಹಳೆಯದು.

ಈ ಜೀವನವನ್ನು ಓದುವಾಗ ನನಗೆ ಹೊಳೆಯ ದೋಣಿಯ ಮೋಟಾರು ನೆನಪಾಗಿ, ಅದನ್ನು ಬೆಳಕಿಗೆ ತಂದವನಾರೆಂದು ಹುಡುಕಿದೆನು. ಆಶ್ಚರ್ಯವೇನೆಂದರೆ ಕಾಲ ಹೆಚ್ಚು ಕಡಿಮೆ ಅದೇ. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಓಲೆ ಎವಿನ್‌ರೂಡ್ ಎಂಬ ಯಂತ್ರಕರ್ಮಿ ಮಿಲ್ವಾಕಿ ನಗರದಲ್ಲಿ ಇಂಥ ಮೋಟಾರನ್ನು 1909ರಲ್ಲಿ ಮಾರಾಟಕ್ಕಿಟ್ಟನು. ಅವನೂ ಹೆಚ್ಚು ಶಾಲೆ ಕಲಿತವನಲ್ಲ. ಕಾರ್ಯಾಗಾರಗಳಲ್ಲಿ ದುಡಿದು ಕಲಿತವನು. ಮುಂದೆ ಅಲ್ಲಿ ಅಂಥ ಮೋಟಾರಿನ ದೋಣಿಗಳ ಪಂದ್ಯಗಳೇ ನಡೆದುವು. ಪಂದ್ಯದ ಮೋಟಾರು ಅತಿ ವೇಗದಿಂದ ತಿರುಗುವುದರಿಂದ ಬೇಗ ಸವೆಯುತ್ತದೆ. ಆದುದರಿಂದ ಆಗಾಗ್ಗೆ ಅದನ್ನು ಪೂರ್ತಿ ಬಿಚ್ಚಿ, ರಿಂಗು ಬೇರಿಂಗುಗಳ ಸವೆತವನ್ನು ಅಳೆದು, ಹೊಸದಾಗಿ ಜೋಡಿಸಬೇಕಾಗುತ್ತದೆ. ಅವರದು ಗೆಲ್ಲುವುದಕ್ಕೆ, ನಮ್ಮದು ಹೊಲಕ್ಕೆ ನೀರು ಹಾಯಿಸುವುದಕ್ಕೆ. ಕೈಯ ವಿದ್ಯೆ ಒಂದೇ. ಉಳಿದುದೆಲ್ಲ ನಮ್ಮದರ ಹಾಗೆಯೇ ಎಂದು ತಂದೆಯವರು ದಂಡೆಯ ಮೇಲೆ ನಿಂತು ಹೇಳಿದುದು ಸರಿಯಾಗಿತ್ತು.

ಕಿರ್ಲೋಸ್ಕರವಾಡಿ ಬೇರೂರುವಷ್ಟರಲ್ಲಿ 1914ರ ಮಹಾಯುದ್ಧ ಬಂದಿತು. ಹೊರದೇಶದಿಂದ ಬರುವ ಕಬ್ಬಿಣ ನಿಂತಿತು, ಕಲ್ಲಿದ್ದಲು ದುರ್ಲಭವಾಯಿತು, ಬಣ್ಣವೂ ಸಿಗದಂತಾಯಿತು. ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕುವ ಕಾಲ. ಲಕ್ಷ್ಮಣರಾಯರು ಕಟ್ಟಿಗೆ ಸುಟ್ಟು ಇದ್ದಿಲು ಮಾಡಿಸಿ ಅದರಿಂದ ಕುಲುಮೆ ನಡೆಸಿದರು. ಬಣ್ಣವನ್ನು ಸ್ಥಳೀಯ ವಸ್ತುಗಳಿಂದ ಮಾಡಿಕೊಂಡರು. ಕಬ್ಬಿಣಕ್ಕೆ? ಕೊಲ್ಹಾಪುರದ ಶಾಹೂ ಮಹಾರಾಜರು ಕೋಟೆಯ ಹಳೆಯ ತೋಪುಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲು ಮಾಡಿದರು. ಜಗತ್ತೆಲ್ಲ ಕಬ್ಬಿಣದಿಂದ ತೋಪು ಎರೆಯುತ್ತಿದ್ದ ದಿನಗಳಲ್ಲಿ ಇಲ್ಲೊಂದು ಮೂಲೆಯಲ್ಲಿ ತೋಪು ನೇಗಿಲಾಗುತ್ತಿದ್ದಿತು. ಈ ಸಂಗತಿಗೆ ನಾನು ಏನನ್ನೂ ಸೇರಿಸಬೇಕಾದುದಿಲ್ಲ.

ಸವೆದ ಕಬ್ಬಿಣವನ್ನು ಎಸೆಯದವರು ಮನುಷ್ಯರನ್ನೂ ಎಸೆಯಲಿಲ್ಲ. ಘೋರ ಅಪರಾಧಕ್ಕಾಗಿ ಸೆರೆಮನೆ ಕಂಡು ಬಂದವರನ್ನೇ ಊರ ಕಾವಲಿಗೆ ನೇಮಿಸಿದರು. ಆ ವಿಶ್ವಾಸಕ್ಕೆ ಅವರು ತಕ್ಕವರಾಗಿ ನಡೆದುಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಗೊತ್ತುಮಾಡಿದರು. ನೂರು ವರುಷದ ಹಿಂದೆ ಹಳ್ಳಿಗಾಡಿನ ನಡುವೆ ಹೀಗೆ ಮಾಡುವುದಕ್ಕೆ, ನೇಗಿಲು ಮಾರಲು ಬೇಕಾದುದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಿತ್ತೆಂದು ನನ್ನ ಎಣಿಕೆ. ಆ ಊರಿನಿಂದಲೇ 1920ರಲ್ಲಿ ಒಂದು ಪತ್ರಿಕೆಯೂ ಹೊರಟಿತು; ಮುಂದೆ ಅದು ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು.

ಬಾವಿಯ ನೀರನ್ನು ಎತ್ತುಗಳಿಂದ ತೊಗಲ ಚೀಲದಲ್ಲಿ ಎಳೆಸುತ್ತಿದ್ದ ಕಾಲವದು. ನೇಗಿಲಿನ ತರುವಾಯ ಕಿರ್ಲೋಸ್ಕರವಾಡಿಯ ಲಕ್ಷ್ಯ ನೀರೆತ್ತುವ ಪಂಪುಗಳತ್ತ ಹೋಯಿತು. ಅಷ್ಟರಲ್ಲಿ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಶಾಸ್ತ್ರ ಓದಿ 1926ರಲ್ಲಿ ಮರಳಿದ್ದರು. ಮುಂದಿನ ಪೀಳಿಗೆಯ ಕೈಯಲ್ಲಿ ಉದ್ಯಮ ಹಬ್ಬಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸಂಸ್ಥೆ ಹುಟ್ಟಿ ಲೇಥುಗಳನ್ನು ಮಾಡತೊಡಗಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆಯೂ ಪುಣೆಯಲ್ಲಿ ಡೀಸೆಲ್ ಎಂಜಿನ್ನುಗಳ ಕಾರ್ಖಾನೆಯೂ ಸ್ಥಾಪಿತವಾದುವು. ನಮ್ಮ ಭೀಮೆಯ ದಂಡೆಗೆ ಬಂದ ಹೆಸರು ಈ ಕಾರ್ಖಾನೆಗಳ ದಾರಿಯಿಂದ ಬಂದುದು. ಹರಿಹರದ ಕಾರ್ಖಾನೆ ಆಮೇಲಿನ ದಿನಗಳಲ್ಲಿ ನಷ್ಟಕ್ಕಿಳಿದು ಮುಚ್ಚಿಹೋಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಹೆಸರು ದೊಡ್ಡದಾದ ಮಾತ್ರಕ್ಕೆ ಯಂತ್ರ ತಾನಾಗಿ ತಿರುಗುವುದಿಲ್ಲ.

ಲಕ್ಷ್ಮಣರಾಯರು 1956ನೆಯ ಇಸವಿ ಸೆಪ್ಟೆಂಬರ್ 26ರಂದು, 87ನೆಯ ವಯಸ್ಸಿನಲ್ಲಿ ಕಾಲವಶರಾದರು. ಅದಾದ 36ನೆಯ ದಿನ, ನವೆಂಬರ್ 1ರಂದು, ಮುಂಬಯಿ ರಾಜ್ಯದಲ್ಲಿದ್ದ ಅವರ ಬೆಳಗಾವಿ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕಲಬುರಗಿ ಜಿಲ್ಲೆಯೂ ಒಂದೇ ರಾಜ್ಯದೊಳಕ್ಕೆ ಬಂದುವು. ಅವರ ಹುಟ್ಟೂರೂ ನನ್ನ ಹುಟ್ಟೂರೂ ಒಂದೇ ನಾಡಾದುದನ್ನು ಅವರು ಕಾಣಲಿಲ್ಲ. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ಕೇವಲ ಹೊಗಳಿಕೆಯಿತ್ತೆಂದರೆ ಸುಳ್ಳಾಗುತ್ತದೆ. ಬೆಳಗಾವಿಯಲ್ಲಿ ನೆಲ ಕಳೆದುಕೊಂಡ ಅವರಿಗೆ ನೆಲವನ್ನೂ ಹಣವನ್ನೂ ಕೊಡುವ ಅರಸರೊಬ್ಬರಿದ್ದರು. ಶಾಲೆಯಲ್ಲಿ ಹಿಂದುಳಿದವರಿಗೆ ಮುಂಬಯಿಗೆ ಹೋಗಲು ಆಸರೆಯಾಗುವ ಅಣ್ಣನಿದ್ದನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಎಲ್ಲರಿಗೂ ಇದು ಒದಗುವುದಿಲ್ಲ. ಇನ್ನು, ಆ ಪಂಪುಗಳು ಹೊಲಗಳನ್ನು ಹಸಿರು ಮಾಡಿದುವೆಂಬುದು ನಿಜವಾದಂತೆ, ಈಗ ಕೊಳವೆಬಾವಿಯ ಮೋಟಾರುಗಳು ವರುಷ ವರುಷಕ್ಕೆ ಇನ್ನೂ ಆಳಕ್ಕೆ ಇಳಿಯುತ್ತಿವೆಯೆಂಬುದೂ ನಿಜ. ನಮ್ಮ ಅಂಗಡಿಯಲ್ಲಿಯೂ ಡೀಸೆಲ್ ಎಂಜಿನ್ನುಗಳು ಕಡಿಮೆಯಾಗಿ, ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸವೇ ಹೆಚ್ಚಾಗಿದೆ.

ಆದರೂ ಒಂದು ಮಾತು ಮನಸ್ಸಿನಲ್ಲಿ ನಿಂತಿತು. ಮಾಡಿದವನ ಹೆಸರು ಯಂತ್ರದ ಮೇಲೆ ಇರುತ್ತದೆ. ಸರಿಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಕಾರ್ಖಾನೆಯಿಂದ ಹೊರಟ ಎಂಜಿನ್ನು ಐದಾರು ವರುಷಕ್ಕೆ ಗುಜರಿಗೆ ಹೋಗಿದ್ದರೆ, ಆ ಹೆಸರನ್ನು ನಮ್ಮ ಹಿರಿಯರು ಎತ್ತಿನ ಹೆಸರಿನಂತೆ ಬಾಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಅಜ್ಜ ಕೊಂಡ ಎಂಜಿನ್ನು ಮೊಮ್ಮಗನ ಹೊಲಕ್ಕೆ ನೀರೆತ್ತುತ್ತಿದ್ದರೆ, ನಡುವೆ ನಾಲ್ಕಾರು ಸಲ ಯಾರೋ ಅದನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ್ದಾರೆಂದೇ ಅರ್ಥ. ಆಳಂದ, ಅಫಜಲಪುರ, ಜೇವರ್ಗಿಯ ರಸ್ತೆ ಬದಿಗಳಲ್ಲಿ ಕುಳಿತ ಆ ಮಂದಿಯ ಕೈಯ ಮೇಲೆ ಆ ಹೆಸರು ನಿಂತಿದೆ. ಆ ಹೆಸರಿನ ಮನುಷ್ಯನಾದರೂ ಅಧ್ಯಾಪಕನ ಕುರ್ಚಿಯಿಂದೆದ್ದು ಇಂಥದೇ ಒಂದು ಅಂಗಡಿಗೆ ಬಂದು ಕುಳಿತವನು. ಅವನಿಗೆ ಅದು ಇಳಿತವಾಗಿ ಕಾಣಲಿಲ್ಲ. ನನಗೆ ಏಕೆ ಕಂಡಿತು?

ಈ ವ್ಯಾಸಂಗದ ಕೊನೆಯ ವರುಷ ಇನ್ನೊಂದು ಅರ್ಜಿ ತುಂಬುವ ಸಂದರ್ಭ ಬಂದಿತು. ಭಾನುವಾರ ಊರಿಗೆ ಹೋದವನು ಅಂಗಡಿಯಲ್ಲಿಯೇ ಕುಳಿತು ಅದನ್ನು ತುಂಬಿದೆನು. ಹಳೆಯ ಅಂಕಣ ಮತ್ತೆ ಬಂದಾಗ ಎಂಜಿನ್ ಮತ್ತು ಮೋಟಾರು ದುರಸ್ತಿ ಎಂದು ಬರೆದು ತಂದೆಯವರಿಗೆ ತೋರಿಸಿದೆನು. ಅವರು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು. ಇದನ್ನು ಬರೆದರೆ ನಡೆಯುತ್ತದೆಯೇ ಎಂದಷ್ಟೇ ಕೇಳಿದರು. ನಡೆಯುತ್ತದೆ ಅಪ್ಪಾ ಎಂದೆನು. ಕಾಗದಕ್ಕೆ ಎಣ್ಣೆ ಹತ್ತೀತೆಂದು ಬೆರಳು ತಾಕದಂತೆ ಹಿಂದಕ್ಕೆ ಸರಿಸಿ, ಅರ್ಧಕ್ಕೆ ಬಿಟ್ಟಿದ್ದ ವಾಲ್ವನ್ನು ಮತ್ತೆ ಕೈಗೆತ್ತಿಕೊಂಡರು.